ಸರೋವರಗಳ ನಾಡಿನಲ್ಲಿ ಆಟದ ಮೇಷ್ಟರು

ಫಿನ್ಲೆಂಡಿನಲ್ಲಿ ಜೂನ್ ತಿಂಗಳ ಸೂರ್ಯನಿಗೆ ಮನೆ ಸೇರುವ ಆತುರವಿಲ್ಲ. ರಾತ್ರಿ ಹನ್ನೊಂದು ಕಳೆದ ಮೇಲೆ ಒಲ್ಲದ ಮನಸ್ಸಿನಿಂದ ಕಾಡಿನ ಹಿಂದೆ ಇಳಿಯುತ್ತಾನೆ. ಮೂರರ ಸುಮಾರಿಗೆ ಮತ್ತೆ ಹಾಜರು. ನಡುವಿನ ಹೊತ್ತಿನಲ್ಲಿಯೂ ಗೋಧೂಳಿಯ ಬೆಳಕೊಂದು ಉಳಿದೇ ಇರುತ್ತದೆ. ಹೆಲ್ಸಿಂಕಿಯಿಂದ ಸುಮಾರು ನಾಲ್ಕು ಗಂಟೆ ರೈಲಿನಲ್ಲಿ ಉತ್ತರಕ್ಕೆ ಸಾಗಿದರೆ ಕುವೋಪಿಯೋ ಪಟ್ಟಣ. ಸುತ್ತ ಕಲ್ಲವೇಸಿ ಸರೋವರ, ಅದರ ತುಂಬ ನಡುಗಡ್ಡೆಗಳು. ಪುಯಿಯೋ ಗುಡ್ಡದ ನೆತ್ತಿಯಲ್ಲಿ 1963ರಲ್ಲಿ ಕಟ್ಟಿದ 75 ಮೀಟರ್ ಎತ್ತರದ ಗೋಪುರ.

ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧಕನಾಗಿರುವ ನನ್ನ ತಮ್ಮನ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಜೂನ್‌ನಿಂದ ಆಗಸ್ಟ್‌ವರೆಗೆ ಇದ್ದೆವು. ಎದುರು ಮನೆಯಲ್ಲಿ ಒಂದು ಅಮೆರಿಕನ್ ಸಂಸಾರ: ಗಂಡ, ಹೆಂಡತಿ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಊರಿನ ತರುಣರಿಗೆ ಅಮೆರಿಕನ್ ಫುಟ್‌ಬಾಲ್ ಕಲಿಸುವುದು ಆ ಗೃಹಸ್ಥರ ಉದ್ಯೋಗ. ಎಲ್ಲರೂ ಅವರನ್ನು ಕೋಚ್ ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆಯುತ್ತೇನೆ.

ಹಿಮದ ನಾಡಿನಲ್ಲಿ ಈ ಆಟವೆಲ್ಲಿಂದ ಬಂತು ಎಂದು ವಾಚಕರು ಕೇಳಬಹುದು. ಅಮೆರಿಕದ ಆಟವನ್ನು ತಮ್ಮದಾಗಿಸಿಕೊಳ್ಳುವುದು ಫಿನ್ನರಿಗೆ ಹೊಸದಲ್ಲ. ಲೌರಿ ಪಿಹ್ಕಲ ಎಂಬವರು ಅಮೆರಿಕದ ಬೇಸ್‌ಬಾಲನ್ನು ಕಂಡು ಬಂದು, ಅದನ್ನು ತಮ್ಮ ನಾಡಿನ ಹಳೆಯ ಚೆಂಡಾಟಗಳೊಡನೆ ಬೆರೆಸಿ 1920ರ ದಶಕದಲ್ಲಿ 'ಪೆಸಪಲ್ಲೊ' ಎಂಬ ಆಟವನ್ನು ರೂಪಿಸಿದರು. ಅದೀಗ ರಾಷ್ಟ್ರೀಯ ಕ್ರೀಡೆ. ಅಮೆರಿಕನ್ ಫುಟ್‌ಬಾಲಿನ ರಾಷ್ಟ್ರೀಯ ಪಂದ್ಯಾವಳಿ 1980ರಲ್ಲಿ ಆರಂಭವಾಯಿತು. 1985, 1993, 1995, 1997 ಮತ್ತು 2000ದಲ್ಲಿ ಫಿನ್ಲೆಂಡ್ ಯುರೋಪಿನ ಚಾಂಪಿಯನ್ ಆಯಿತು. ಆಟಗಾರರಲ್ಲಿ ಹೆಚ್ಚಿನವರು ಹಗಲೆಲ್ಲ ಬೇರೆ ಕೆಲಸ ಮಾಡುವವರು. ನೆಲ ಹಿಮದಿಂದ ಬಿಡುಗಡೆಯಾದ ಬೇಸಗೆಯ ತಿಂಗಳುಗಳೇ ಇವರ ಆಟದ ಕಾಲ.

ಹೆಸರು ಕಾಲ್ಚೆಂಡಾದರೂ ಇದರಲ್ಲಿ ಚೆಂಡಿಗೆ ಕಾಲಿಗಿಂತ ಕೈಯ ನಂಟೇ ಹೆಚ್ಚು. ಚೆಂಡು ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದಕ್ಕಿದೆ. ನಮ್ಮ ಕಬಡ್ಡಿಯಂತೆ ಇದೂ ಎದುರಾಳಿಯ ನೆಲಕ್ಕೆ ನುಗ್ಗುವ ಆಟ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ. ಇಲ್ಲವಾದರೆ ಚೆಂಡು ಎದುರಾಳಿಗೆ. ಪ್ರತಿ ಸಲವೂ ಹನ್ನೊಂದು ಮಂದಿಯಲ್ಲಿ ಯಾರು ಎತ್ತ ಓಡಬೇಕು, ಯಾರನ್ನು ತಡೆಯಬೇಕು ಎಂಬುದನ್ನು ಮೊದಲೇ ಬರೆದಿಟ್ಟಿರುತ್ತಾರೆ. ಕೋಚ್ ಇಲ್ಲಿ ಸೂತ್ರಧಾರ. ಹುಡುಗರ ಹೆಜ್ಜೆಹೆಜ್ಜೆಯನ್ನೂ ನಿರ್ದೇಶಿಸುವುದು ಅವರ ವೃತ್ತಿಧರ್ಮ.

ಮೊದಲ ವಾರಗಳಲ್ಲಿ ಈ ಸೂತ್ರಧಾರರಿಗೆ ದಿಗಿಲು ಹುಟ್ಟಿಸಿದ್ದು ಹುಡುಗರ ಮೌನ. ಅವರು ಕೂಗಿ ವಿವರಿಸಿದರೆ ಹುಡುಗರು ಕೇಳುತ್ತಿದ್ದರು, ಹೂಂಗುಟ್ಟುತ್ತಿರಲಿಲ್ಲ, ಪ್ರಶ್ನಿಸುತ್ತಿರಲಿಲ್ಲ. "ಗೋಡೆಗೆ ಪಾಠ ಹೇಳಿದಂತಿತ್ತು, ಪ್ರೊಫೆಸರ್" ಎಂದರು. ಅಧ್ಯಾಪಕನಾದ ನನಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಮರುದಿನ ಮೈದಾನದಲ್ಲಿ ಹೇಳಿದ್ದೆಲ್ಲವೂ ಕೂದಲೆಳೆ ತಪ್ಪದೆ ನಡೆದಿತ್ತಂತೆ.

ಆ ಮೌನ ಕರಗುವ ಸ್ಥಳ ಸೌನಾ. ಐವತ್ತೈದು ಲಕ್ಷ ಜನರ ಈ ದೇಶದಲ್ಲಿ ಸುಮಾರು ಮೂವತ್ತು ಲಕ್ಷ ಸೌನಾಗಳಿವೆ. 2020ರಲ್ಲಿ ಯುನೆಸ್ಕೋ ಈ ಸಂಪ್ರದಾಯವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾದ ಕಲ್ಲುಗಳ ಮೇಲೆ ನೀರೆರಚಿದಾಗ ಏಳುವ ಹಬೆಗೆ 'ಲೋಯ್ಲು' ಎನ್ನುತ್ತಾರೆ. ಆ ಮಾತಿನ ಮೂಲಾರ್ಥ ಉಸಿರು, ಪ್ರಾಣ. ಎಲೆಸಹಿತವಾದ ಬರ್ಚ್ ಕೊಂಬೆಗಳ ಕಟ್ಟಿನಿಂದ ಮೈಗೆ ಬಡಿದುಕೊಳ್ಳುತ್ತಾ ಕುಳಿತರೆ ಅಲ್ಲಿ ಗುರುವಿಲ್ಲ, ಶಿಷ್ಯನಿಲ್ಲ. ಮೈದಾನದಲ್ಲಿ ತುಟಿ ಬಿಚ್ಚದ ಬಡಗಿ ಹುಡುಗನೊಬ್ಬ ಆ ಹಬೆಯಲ್ಲಿ, ಕೋಚ್ ರಚಿಸಿದ ತಂತ್ರದಲ್ಲಿದ್ದ ಎರಡು ದೋಷಗಳನ್ನು ವಿನಯದಿಂದ ತೋರಿಸಿಕೊಟ್ಟನಂತೆ. ಅಂದಿನಿಂದ ತಂಡದ ನಿಜವಾದ ಸಮಾಲೋಚನೆ ಅಲ್ಲಿಯೇ.

ಭಾಷೆಯ ವಿಷಯದಲ್ಲಿ ಮಾತ್ರ ನಾನು ಅವರಿಗಿಂತ ಅದೃಷ್ಟವಂತ. ಫಿನ್ನಿಷ್‌ನಲ್ಲಿ ನಮ್ಮ ನುಡಿಯಂತೆಯೇ ಪದಕ್ಕೆ ಪ್ರತ್ಯಯ ಹತ್ತುತ್ತದೆ: 'ತಲೊ' ಎಂದರೆ ಮನೆ, 'ತಲೊಸ್ಸ' ಮನೆಯಲ್ಲಿ, 'ತಲೊಸ್ತ' ಮನೆಯಿಂದ. ವಿಭಕ್ತಿಗಳು 15. ಬಳೆಗೂ ಬಾಳೆಗೂ, ಹಳಿಗೂ ಹಳ್ಳಿಗೂ ಇರುವ ಅಂತರವನ್ನು ಬಲ್ಲ ಕನ್ನಡಿಗನ ಕಿವಿಗೆ ಅವರ ಹ್ರಸ್ವದೀರ್ಘಗಳು ತೊಡಕಲ್ಲ. ಅಮೆರಿಕನ್ನರಿಗೆ ಅದೇ ಗಂಡಾಂತರ. 'ತಪಾನ್' ಎಂದರೆ ಭೇಟಿಯಾಗುತ್ತೇನೆ. ದೀರ್ಘ ಬಿಟ್ಟು 'ತಪನ್' ಎಂದರೆ ಕೊಲ್ಲುತ್ತೇನೆ! ಕೋಚ್ ಒಂದು ತಿಂಗಳ ಕಾಲ ಪ್ರತಿ ಸಂಜೆಯೂ ಆಟಗಾರರಿಗೆ ನಾಳಿನ ಕೊಲೆಯ ಭರವಸೆ ಕೊಟ್ಟು ಬೀಳ್ಕೊಟ್ಟಿದ್ದರು. ತಿದ್ದಿದವಳು ಮಗಳು. ಅಂಗಳದ ಗೆಳತಿಯರಿಂದ ಆಕೆ ಭಾಷೆಯನ್ನು ಹಣ್ಣು ಆಯ್ದಂತೆ ಆಯ್ದುಕೊಂಡಿದ್ದಳು. ಹಣ್ಣು ಆಯುವುದೂ ಇತ್ತು. ಕಾಡು ಯಾರದೇ ಆಗಿರಲಿ, ನಡೆದಾಡುವ, ಕಾಡುಹಣ್ಣು ಕೀಳುವ ಹಕ್ಕು ಅಲ್ಲಿ ಎಲ್ಲರಿಗೂ ಉಂಟು. ಆ ದಿನಗಳಲ್ಲಿ ಅಕ್ಕತಮ್ಮಂದಿರ ನಾಲಗೆಗಳು ಸದಾ ನೀಲಿ.

ಆಗಸ್ಟ್‌ನಲ್ಲಿ ಶಾಲೆ ತೆರೆಯಿತು. ಮಧ್ಯಾಹ್ನದ ಬಿಸಿಯೂಟ ಅಲ್ಲಿ ಪ್ರತಿಯೊಂದು ಮಗುವಿಗೂ ಉಚಿತ. 1943ರ ಕಾನೂನು 1948ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಆದರೆ ತಾಯಿಯನ್ನು ಕಾಡಿದ್ದು ಊಟವಲ್ಲ, ದಾರಿ. ಅಲ್ಲಿ ಏಳು ವರ್ಷದ ಮಕ್ಕಳೂ ಒಬ್ಬೊಬ್ಬರೇ ಶಾಲೆಗೆ ನಡೆಯುತ್ತಾರೆ. ತಮ್ಮ ಊರಿನಲ್ಲಿ ಮಗಳನ್ನು ಬೀದಿಯ ಮೂಲೆಯವರೆಗೂ ಒಂಟಿಯಾಗಿ ಕಳುಹಿಸಿದವರಲ್ಲ ಇವರು. ಮೊದಲನೆಯ ತರಗತಿಯಲ್ಲಿಯೇ, ಬಂದೂಕುಧಾರಿ ಬಂದರೆ ಸದ್ದಿಲ್ಲದೆ ಅಡಗಿರುವ ಅಭ್ಯಾಸವನ್ನು ಆ ಕೂಸಿಗೆ ಮಾಡಿಸಿದ್ದರೆಂದು ಹೇಳುವಾಗ ಆಕೆಯ ಧ್ವನಿ ಇಳಿಯಿತು. ವಿಪತ್ತು ಫಿನ್ಲೆಂಡನ್ನು ಮುಟ್ಟಿಲ್ಲವೆಂದಲ್ಲ. 2007ರಲ್ಲಿ ಯೋಕೆಲದ ಶಾಲೆಯಲ್ಲಿ, 2019ರಲ್ಲಿ ಇದೇ ಕುವೋಪಿಯೋದ ವಿದ್ಯಾಲಯವೊಂದರಲ್ಲಿ ರಕ್ತ ಹರಿದಿದೆ. ಆದರೂ ಮಕ್ಕಳ ದಾರಿಯನ್ನು ಮಕ್ಕಳಿಗೇ ಒಪ್ಪಿಸುವ ಪದ್ಧತಿಯನ್ನು ಜನ ಕೈಬಿಟ್ಟಿಲ್ಲ.

ಹುಡುಗಿ ಹಟ ಹಿಡಿದಳು. ಮೊದಲ ದಿನ ಆರಡಿಯ ಕೋಚ್ ಮರದಿಂದ ಮರಕ್ಕೆ ಮರೆಯಾಗುತ್ತಾ ಶಾಲೆಯವರೆಗೂ ಹಿಂಬಾಲಿಸಿದರು. ಎರಡನೆಯ ದಿನ ಅರ್ಧ ದಾರಿ. ಮೂರನೆಯ ದಿನ ಬೀದಿಯ ತಿರುವು. ನಾಲ್ಕನೆಯ ದಿನ ಗಂಡಹೆಂಡಿರಿಬ್ಬರೂ ಬಾಗಿಲಲ್ಲೇ ನಿಂತರು. ಆಕೆ ಹಿಂತಿರುಗಿ ನೋಡಲಿಲ್ಲ.

"ಆಟಗಾರನಿಗೆ ಎಲ್ಲವನ್ನೂ ಕಲಿಸಿ, ಪಂದ್ಯ ಮೊದಲಾದ ಮೇಲೆ ಗೆರೆಯಾಚೆ ನಿಂತು ನೋಡುವುದು ನನ್ನ ಕಸುಬು. ಮನೆಯಲ್ಲಿ ಅದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ" ಎಂದರು ಕೋಚ್. ಕಲಿಸಲು ಬಂದವರು ಆ ನಾಡಿನಲ್ಲಿ ಕಲಿತದ್ದು ಇದನ್ನೇ ಎಂದು ನನಗನಿಸಿತು.

ಅವರ ಕರಾರು ಒಂದೇ ಋತುವಿನದು. ಮತ್ತೊಂದು ವರ್ಷಕ್ಕೆ ಕರೆ ಬಂದಿತ್ತು. ಆದರೆ ಆಕೆ ಬಿಟ್ಟುಬಂದ ಉದ್ಯೋಗ, ಒಂಟಿಯಾಗಿರುವ ವೃದ್ಧ ತಾಯಿ ಅಮೆರಿಕದಲ್ಲಿ. ಮಗಳ ಮನಸ್ಸೋ ಇಲ್ಲಿ. ಕುವೋಪಿಯೋ ಇರುವುದು ಸಾವೋ ಸೀಮೆಯಲ್ಲಿ. ಸಾವೋದವನು ಮಾತನಾಡಿದರೆ ಅರ್ಥದ ಹೊಣೆ ಕೇಳಿದವನದು ಎಂಬ ಗಾದೆ ಫಿನ್ಲೆಂಡಿನಲ್ಲಿ ಪ್ರಸಿದ್ಧ. ಅಲ್ಲಿಯವರು ಹೌದೆಂದೂ ಅಲ್ಲವೆಂದೂ ನೇರವಾಗಿ ಹೇಳುವವರಲ್ಲ. ಹೊರಡುವ ಮುನ್ನಾದಿನ ಕೋಚ್ ಅವರನ್ನು ಕೇಳಿದೆ: "ಉಳಿಯುತ್ತೀರಾ?"

ಅವರು ಹೆಂಡತಿಯ ಮುಖ ನೋಡಿದರು. ಬಳಿಕ, "ಉಳಿಯಲೂಬಹುದು, ಉಳಿಯದಿರಲೂಬಹುದು" ಎಂದು ನಕ್ಕರು.

ನಾಲ್ಕು ತಿಂಗಳಲ್ಲಿ ಮನುಷ್ಯ ಆ ಸೀಮೆಯವನೇ ಆಗಿಬಿಟ್ಟಿದ್ದ. ಅರ್ಥದ ಹೊಣೆಯನ್ನು ಹೊತ್ತುಕೊಂಡು ನಾವು ರೈಲು ಹತ್ತಿದೆವು.