ಕಡಲಿಗೂ ಕಾಯಲಿಗೂ ನಡುವೆ

ಕೇರಳದ ಆಲಪ್ಪುಳದಲ್ಲಿ ದೋಣಿ ಜೆಟ್ಟಿಯಿಂದ ಕಡಲತೀರಕ್ಕೆ ಸುಮಾರು ಮೂರು ಕಿಲೋಮೀಟರ್ ಅಷ್ಟೆ. ಪೂರ್ವಕ್ಕೆ ದೇಶದ ಅತಿ ಉದ್ದದ ಸರೋವರವೆಂದು ಹೆಸರಾದ ವೆಂಬನಾಡು ಕಾಯಲು (ಹಿನ್ನೀರು), ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ನಡುವಿನ ಕಿರಿದಾದ ನೆಲದಲ್ಲಿ ಊರು. ಹದಿನೆಂಟನೇ ಶತಮಾನದಲ್ಲಿ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸರು ಇಲ್ಲಿ ಬಂದರು ಕಟ್ಟಿಸಿ, ಕಾಲುವೆಗಳನ್ನು ತೋಡಿಸಿದರು. ಒಳನಾಡಿನ ಮೆಣಸು, ಕೊಬ್ಬರಿ, ತೆಂಗಿನ ನಾರು ಆ ಕಾಲುವೆಗಳಲ್ಲಿ ತೇಲಿಬಂದು ಹಡಗು ಹತ್ತುತ್ತಿದ್ದವು. ಕೊಚ್ಚಿಯ ಬಂದರು ಬೆಳೆದ ಮೇಲೆ ಇಲ್ಲಿನ ವ್ಯಾಪಾರ ಇಳಿಯಿತು. 1862ರಲ್ಲಿ ಕಟ್ಟಿದ ಕಡಲ ಸೇತುವೆಯ ಕಂಬಗಳು ಮಾತ್ರ ಇಂದಿಗೂ ಅಲೆಗಳ ನಡುವೆ ನಿಂತಿವೆ.

ಇಂಥ ಊರಿಗೆ ಬರುವವರಲ್ಲಿ ಬಹುಪಾಲು ಜನ ಮಾಡುವುದು ಒಂದೇ ಕೆಲಸ: ಮಧ್ಯಾಹ್ನ ಬಂದಿಳಿದು ಹೌಸ್‌ಬೋಟ್ ಹತ್ತುವುದು, ಮರುದಿನ ಬೆಳಿಗ್ಗೆ ಇಳಿದು ಮುನ್ನಾರಿಗೋ ಕೊಚ್ಚಿಗೋ ಓಡುವುದು. ವಿಶ್ರಾಂತಿಗೆಂದು ಬಂದವರಿಗೆ ಇದು ಸಾಲದು. ಹೌಸ್‌ಬೋಟ್ ಚಲಿಸುವುದು ಹಗಲಿನ ಕೆಲವೇ ಗಂಟೆ. ಸಂಜೆಯಾಗುತ್ತಿದ್ದಂತೆ ಅದನ್ನು ದಡಕ್ಕೆ ಕಟ್ಟಿಬಿಡುತ್ತಾರೆ, ಏಕೆಂದರೆ ರಾತ್ರಿ ನೀರು ಬಲೆ ಬೀಸುವ ಮೀನುಗಾರರದು. ಈ ವ್ಯವಸ್ಥೆ ತುಂಬ ಸರಿಯಾದದ್ದು. ಕಾಯಲು ಮೊದಲು ಅಲ್ಲಿ ದುಡಿಯುವವರ ಜಾಗ, ಆಮೇಲೆ ಪ್ರವಾಸಿಗರದು.

ಆದ್ದರಿಂದ ಕನಿಷ್ಠ ಮೂರು ದಿನ ಇಟ್ಟುಕೊಂಡು, ಮೊದಲೆರಡು ರಾತ್ರಿ ನೆಲದ ಮೇಲೆ, ಕಾಲುವೆಯಂಚಿನ ಯಾವುದಾದರೂ ಹೋಂಸ್ಟೇಯಲ್ಲಿ ಕಳೆಯುವುದು ಲೇಸು. ಮಂಗಳೂರಿನಿಂದ ಸಂಜೆ ಹೊರಡುವ ಮಾವೇಲಿ ಎಕ್ಸ್‌ಪ್ರೆಸ್ ಈ ಊರಿನ ಮೇಲೆಯೇ ಹೋಗುತ್ತದೆ. ಬೆಳಕು ಹರಿಯುವ ಮೊದಲೇ ಇಳಿದವರಿಗೆ ಕಡಲತೀರ ನಿಲ್ದಾಣದ ಹತ್ತಿರದಲ್ಲೇ ಇದೆ.

ಹೌಸ್‌ಬೋಟಿಗಿಂತ ಮೊದಲು ಹತ್ತಬೇಕಾದದ್ದು ರಾಜ್ಯ ಜಲಸಾರಿಗೆ ಇಲಾಖೆಯ ದೋಣಿ. ಕೊಟ್ಟಾಯಂ ಕಡೆಗೆ ಹೋಗುವ ಈ ದೋಣಿಯ ಪಯಣ ಸುಮಾರು ಎರಡೂವರೆ ಗಂಟೆ, ದರ ಬಸ್ಸಿನಷ್ಟೇ ಅಗ್ಗ. ಶಾಲೆಯ ಮಕ್ಕಳು, ಸಂತೆಯ ಚೀಲ ಹಿಡಿದ ಹೆಂಗಸರು, ಕಚೇರಿಗೆ ಹೊರಟವರು ಒಂದೊಂದು ಕಟ್ಟೆಯಲ್ಲಿ ಹತ್ತಿ ಇಳಿಯುತ್ತಾರೆ. ಕುಟ್ಟನಾಡಿನ ಕಾಲುವೆಗಳೊಳಗೆ ಹೊಕ್ಕಾಗ ಕಣ್ಣು ನಂಬದ ನೋಟವೊಂದು ಎದುರಾಗುತ್ತದೆ: ದೋಣಿ ಮೇಲೆ, ಭತ್ತದ ಗದ್ದೆ ಕೆಳಗೆ! ಕಾಯಲಿಗೆ ಕೆಸರಿನ ಬದು ಹಾಕಿ, ನೀರೆತ್ತಿ ಹೊರಚೆಲ್ಲಿ ಪಡೆದ ಈ ಗದ್ದೆಗಳಲ್ಲಿ ಕೆಲವು ಸಮುದ್ರಮಟ್ಟಕ್ಕಿಂತ ಎರಡು ಮೀಟರಿಗೂ ಕೆಳಗಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯವನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಬದು ಒಡೆದರೆ ಬೆಳೆಯೆಲ್ಲ ನೀರುಪಾಲು. ಇದನ್ನು ಕಣ್ಣಾರೆ ಕಂಡವರಿಗೆ ಇಲ್ಲಿಯ ಒಂದು ತುತ್ತು ಕೆಂಪು ಕುಚ್ಚಲಕ್ಕಿ ಅನ್ನದ ಬೆಲೆ ಗೊತ್ತಾಗುತ್ತದೆ.

ಆ ಅನ್ನದ ಜೊತೆ ಕರಿಮೀನು, ಹುಳಿಗೆ ಕೊಡಂಪುಳಿ. ಕೊಡಂಪುಳಿ ಎಂದರೆ ಬೇರೇನಲ್ಲ, ನಮ್ಮ ಮಲೆನಾಡಿನವರು ಒಣಗಿಸಿಡುವ ಉಪ್ಪಾಗೆಯೇ. ಮೀನು ತಿನ್ನದವರು ದಕ್ಷಿಣಕ್ಕಿರುವ ಅಂಬಲಪುಳದ ಕೃಷ್ಣ ದೇವಸ್ಥಾನಕ್ಕೆ ಹೋಗಿ ಹಾಲುಪಾಯಸದ ಪ್ರಸಾದ ಪಡೆಯಬಹುದು. ಅಕ್ಕಿ, ಹಾಲು, ಸಕ್ಕರೆ ಗಂಟೆಗಟ್ಟಲೆ ಕುದಿದು ನಸುಗೆಂಪಾದ ಆ ಪಾಯಸಕ್ಕೆ ಸಾಟಿಯಿಲ್ಲ.

ಯಾವಾಗ ಹೋಗಬೇಕು? ಡಿಸೆಂಬರಿನಲ್ಲಿ ಹವೆ ಹಿತ, ಆದರೆ ಜನವೂ ಹೆಚ್ಚು, ಬಾಡಿಗೆಯೂ ಹೆಚ್ಚು. ಮಳೆಗಾಲಕ್ಕೆ ಹೆದರದವರು ಪುನ್ನಮಡ ಕಾಯಲಿನ ನೆಹರೂ ಟ್ರೋಫಿ ದೋಣಿ ಸ್ಪರ್ಧೆಯ ಹೊತ್ತಿಗೆ ಹೋಗಲಿ. 1952ರಲ್ಲಿ ನೆಹರೂ ಅವರ ಭೇಟಿಯ ಸಮಯದಲ್ಲಿ ಶುರುವಾದ ಸ್ಪರ್ಧೆ ಇದು. ನೂರಕ್ಕೂ ಹೆಚ್ಚು ಹುಟ್ಟುಗಳು ಒಂದೇ ತಾಳಕ್ಕೆ ಬೀಳುವಾಗ ದಡದಲ್ಲಿ ಕೂತವರ ಎದೆಯೂ ಬಡಿದುಕೊಳ್ಳುತ್ತದೆ. ಬಹುಕಾಲ ಆಗಸ್ಟ್ ಎರಡನೇ ಶನಿವಾರ ನಡೆಯುತ್ತಿದ್ದ ಸ್ಪರ್ಧೆಯ ದಿನ ಇತ್ತೀಚೆಗೆ ಬದಲಾಗಿದೆ, ವಿಚಾರಿಸಿಯೇ ರೈಲು ಟಿಕೆಟ್ ತೆಗೆಯಬೇಕು.

ಕೊನೆಯ ರಾತ್ರಿಗೆ ಹೌಸ್‌ಬೋಟ್ ಇರಲಿ. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುವ ಕೆಟ್ಟುವಳ್ಳಂ ಹಿಂದೆ ಭತ್ತ ಸಾಗಿಸುತ್ತಿದ್ದ ದೋಣಿ. ಇಂದಿನ ಹೌಸ್‌ಬೋಟ್ ಅದರ ಮೊಮ್ಮಗ. ಆದರೆ ಇವುಗಳ ಹೊಲಸು, ಡೀಸೆಲ್ ಕಾಯಲಿಗೆ ದೊಡ್ಡ ಹೊರೆಯಾಗಿವೆ. ಉಪ್ಪುನೀರು ಗದ್ದೆಗೆ ನುಗ್ಗದಂತೆ ತಣ್ಣೀರ್ಮುಕ್ಕಂ ಒಡ್ಡಿನ ಬಾಗಿಲುಗಳನ್ನು ಬೇಸಿಗೆಯಲ್ಲಿ ಮುಚ್ಚುತ್ತಾರೆ. ಆಗ ಹರಿವು ನಿಂತು, ಕೊಳೆ ಅಲ್ಲೇ ಉಳಿದು, ಅಂತರಗಂಗೆ ಕಾಲುವೆ ತುಂಬುತ್ತದೆ. ದಡದ ಮನೆಗಳವರು ಪಾತ್ರೆ ತೊಳೆಯುವುದೂ ಬಟ್ಟೆ ಒಗೆಯುವುದೂ ಇದೇ ನೀರಿನಲ್ಲಿ. ದೋಣಿ ಗೊತ್ತುಮಾಡುವಾಗ ಊಟದ ಪಟ್ಟಿ, ಏಸಿ ವಿಚಾರಿಸುವುದಕ್ಕೆ ಮೊದಲು ಶೌಚದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ನೆಟ್ಟಗೆ ಉತ್ತರ ಕೊಡದವರ ದೋಣಿ ಹತ್ತಬೇಡಿ.