ತಗಡೂರಿನ ದಾರಿಯೂ ಬಿಡದ ಬ್ರೇಕೂ

ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ತಗಡೂರೆಂದರೆ ಹಿರಿಯರಿಗೆ ಮೊದಲು ನೆನಪಾಗುವುದು ಖಾದಿ. ಸ್ವಾತಂತ್ರ್ಯ ಹೋರಾಟಗಾರರಾದ ತಗಡೂರು ರಾಮಚಂದ್ರರಾಯರ ಹೆಸರಿನೊಡನೆಯೇ ಈ ಊರಿನ ಹೆಸರೂ ನಾಡಿಗೆ ಪರಿಚಿತವಾಯಿತು. ನೆರೆಯ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿಯವರು ಬಂದಿದ್ದರು. ಕಪಿಲೆಯ ದಡದ ಸುತ್ತೂರು ಶ್ರೀಕ್ಷೇತ್ರವೂ ಇದೇ ನಂಜನಗೂಡು ತಾಲ್ಲೂಕಿನದು. ಪುಷ್ಯ ಬಹುಳದಲ್ಲಿ ಅಲ್ಲಿ ಆರು ದಿನಗಳ ಜಾತ್ರಾ ಮಹೋತ್ಸವ ನಡೆಯುವಾಗ ಈ ಭಾಗದ ರಸ್ತೆಗಳಲ್ಲೆಲ್ಲ ಸದ್ಭಕ್ತರ ವಾಹನಗಳ ಸಾಲು.

ಜಾತ್ರೆಯ ಕಾಲವೂ ಹುರುಳಿಯ ಒಕ್ಕಣೆಯ ಕಾಲವೂ ಹೆಚ್ಚುಕಡಮೆ ಒಂದೇ. ಸಗಣಿ ಸಾರಿಸಿದ ಕಣಗಳು ಈಗ ವಿರಳ. ರೈತರು ಹುರುಳಿಯ ಬಳ್ಳಿಯನ್ನು ಡಾಂಬರು ರಸ್ತೆಗೇ ಹರಡುತ್ತಾರೆ, ವಾಹನಗಳೇ ರೋಣಗಲ್ಲು. ಒಣಗಿದ ಬಳ್ಳಿ ಕಾರಿನ ತಳಭಾಗಕ್ಕೆ ಸುತ್ತಿಕೊಂಡು, ಅಲ್ಲಿನ ಕಾವಿಗೆ ಹೊತ್ತಿ, ಕಾರು ಸುಟ್ಟುಹೋದ ಸಂಗತಿಗಳು ಮೈಸೂರು, ಚಾಮರಾಜನಗರ ಜಿಲ್ಲೆಗಳಿಂದ ಪತ್ರಿಕೆಗಳಲ್ಲಿ ವರದಿಯಾಗಿವೆ. ಇಂತಹ ರಸ್ತೆಯಲ್ಲಿ ಚಕ್ರವೊಂದರ ಬ್ರೇಕು ಹಿಡಿದುಕೊಂಡೇ ಇದ್ದರೆ ಏನಾದೀತೆಂಬುದನ್ನು ಊಹಿಸಬಹುದು.

ಭಕ್ತರೊಬ್ಬರ ಕಾರಿನಲ್ಲಿ, ಎರಡು ಮಕ್ಕಳೂ ಇದ್ದ ಅವರ ಕುಟುಂಬದೊಡನೆ, ನಾವು ಜಾತ್ರೆಗೆ ಹೊರಟಿದ್ದಾಗ ತಗಡೂರಿನ ಸಮೀಪ ಅದೇ ಆಯಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ವೇಗ ಬರುತ್ತಿರಲಿಲ್ಲ. ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತಿತ್ತು. ಇಳಿಜಾರಿನಲ್ಲಿ ಗೇರು ತೆಗೆದರೂ ಕಾರು ಉರುಳದೆ ಬಿಗಿದುಕೊಂಡಿತು. ಸುಟ್ಟ ವಾಸನೆ ಬಂದೊಡನೆ ಚಾಲಕರು ಬಳ್ಳಿಯಿಲ್ಲದ ಬರಿನೆಲವನ್ನು ನೋಡಿ ನಿಲ್ಲಿಸಿ, ಎಲ್ಲರನ್ನೂ ಕೆಳಗಿಳಿಸಿದರು. ಅದು ಬಹಳ ವಿವೇಕದ ಕೆಲಸ. ಮುಂದಿನ ಎಡಚಕ್ರದ ಬಳಿ ಕೈ ಒಡ್ಡಿದರೆ ಒಲೆಯ ಮುಂದೆ ಕುಳಿತಂತಿತ್ತು. ಉಳಿದ ಮೂರು ಚಕ್ರಗಳಲ್ಲಿ ಅಂತಹ ಕಾವಿರಲಿಲ್ಲ. ಯಾರೋ ಒಂದು ಕೊಡ ನೀರು ತಂದರು. ಕಾದ ಡಿಸ್ಕಿಗೆ ತಣ್ಣೀರು ಸುರಿದರೆ ಅದು ಸೊಟ್ಟಗಾಗಬಹುದು, ಬಿರಿಯಲೂಬಹುದು. ಆದುದರಿಂದ ಚಾಲಕರು ಬೇಡವೆಂದರು. ಆ ನೀರು ಮಕ್ಕಳ ಬಾಯಾರಿಕೆಗೆ ಆಯಿತು.

ಊರಿನಿಂದ ಬಂದ ಮೆಕ್ಯಾನಿಕ್ ತರುಣ ಕೆಲಸದಲ್ಲಿ ತೋರಿದ ಕ್ರಮವನ್ನು ಇಲ್ಲಿ ವಿವರವಾಗಿಯೇ ಬರೆಯುತ್ತೇವೆ. ತರ್ಕಶಾಸ್ತ್ರ ಓದಿದವರೂ ಮೆಚ್ಚತಕ್ಕ ಕ್ರಮವದು. ಚಕ್ರ ಆರುವವರೆಗೆ ಆತ ಏನನ್ನೂ ಮುಟ್ಟಲಿಲ್ಲ. ಆಮೇಲೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿನಿಂದ ಮುಂಭಾಗ ಎತ್ತಿ ಆಧಾರಕ್ಕೆ ನಿಲ್ಲಿಸಿ, ಬ್ರೇಕನ್ನು ಹಲವು ಬಾರಿ ತುಳಿಸಿ ಬಿಡಿಸಿದ. ಬಲಚಕ್ರ ಕೈಯಿಂದ ಸಲೀಸಾಗಿ ತಿರುಗಿತು, ಎಡಚಕ್ರ ಅಲ್ಲಾಡಲಿಲ್ಲ. ಕ್ಯಾಲಿಪರಿನ ಮೇಲಿರುವ, ಗಾಳಿ ತೆಗೆಯುವ ಬ್ಲೀಡರ್ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿದೊಡನೆ ಬ್ರೇಕ್ ಎಣ್ಣೆ ಚಿಮ್ಮಿತು, ಚಕ್ರ ಬಿಡುಗಡೆಯಾಯಿತು. ಒತ್ತಡ ಒಳಗೇ ಉಳಿದಿತ್ತೆಂಬುದು ಇದರಿಂದ ಸ್ಪಷ್ಟ. ಸಡಿಲಿಸಿದ ಮೇಲೂ ಚಕ್ರ ಬಿಡದಿದ್ದರೆ ದೋಷ ತುಕ್ಕು ಹಿಡಿದ ಪಿಸ್ಟನ್ನಿನಲ್ಲೋ, ಕ್ಯಾಲಿಪರ್ ಜಾರುವ ಒಣಗಿದ ಪಿನ್ನುಗಳಲ್ಲೋ ಇರುತ್ತಿತ್ತು.

ಒತ್ತಡ ನಿಂತದ್ದು ಎಲ್ಲಿ? ಸ್ಕ್ರೂ ಬಿಗಿದು, ಮತ್ತೆ ಬ್ರೇಕು ತುಳಿಸಿ, ಈ ಬಾರಿ ರಬ್ಬರ್ ಹೋಸು ಲೋಹದ ಕೊಳವೆಗೆ ಸೇರುವ ಮೇಲಿನ ಕೀಲನ್ನು ಸಡಿಲಿಸಿದ. ಚಕ್ರ ಬಿಡಲಿಲ್ಲ. ಹಾಗಾದರೆ ತಡೆ ಇದ್ದುದು ಹೋಸಿನೊಳಗೇ. ಹೊರಗೆ ಅದು ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಒಳಪದರ ಮಾತ್ರ ಉಬ್ಬಿ ದಾರಿ ಮುಚ್ಚಿತ್ತು. ಕಾಲಿನ ಬಲಕ್ಕೆ ಎಣ್ಣೆ ಒಳಗೆ ಹೋಗುತ್ತದೆ, ಹಿಂದಿರುಗುವ ಬಲವಿಲ್ಲದೆ ಅಲ್ಲೇ ನಿಲ್ಲುತ್ತದೆ. ಕೆಲವು ವಾರಗಳ ಹಿಂದೆ ಪಟ್ಟಣದ ಗ್ಯಾರೇಜೊಂದರಲ್ಲಿ ಬೇಗ ಸವೆದ ಎಡಬದಿಯ ಪ್ಯಾಡುಗಳನ್ನು ಬದಲಿಸಿ ಹಣ ಪಡೆದಿದ್ದರಂತೆ. ಒಂದು ಬದಿಯೇ ಏಕೆ ಸವೆಯಿತೆಂದು ಅಲ್ಲಿ ಯಾರೂ ಕೇಳಿರಲಿಲ್ಲ!

ನಾಲ್ಕೂ ಚಕ್ರ ಹಿಡಿದಿದ್ದರೆ ಮಾಸ್ಟರ್ ಸಿಲಿಂಡರನ್ನು ನೋಡಬೇಕೆಂದು ಆತ ಹೇಳಿದ. ಪೆಡಲಿಗೆ ತುಸುವೂ ಸಡಿಲವಿಲ್ಲದೆ ಎಣ್ಣೆ ಹಿಂದಿರುಗುವ ರಂಧ್ರ ಮುಚ್ಚಿರಬಹುದು. ಅಥವಾ ಬ್ರೇಕ್ ಎಣ್ಣೆಯ ಜಾಗಕ್ಕೆ ಎಂಜಿನ್ ಎಣ್ಣೆ ಸುರಿದು ರಬ್ಬರುಗಳು ಉಬ್ಬಿರಬಹುದು. ಹಿಂದಿನ ಚಕ್ರ ಮಾತ್ರವಾದರೆ ಮೊದಲು ಹ್ಯಾಂಡ್ ಬ್ರೇಕಿನ ತಂತಿ. ಮಳೆಗಾಲದಲ್ಲಿ ಬಹಳ ದಿನ ಎಳೆದೇ ನಿಲ್ಲಿಸಿದ ಕಾರಿನಲ್ಲಿ ಅದು ತುಕ್ಕು ಹಿಡಿದು ಮರಳುವುದಿಲ್ಲ.

ಬಿಡದ ಬ್ರೇಕೆಂದರೆ ಕಾರು ನಿಧಾನವಾಗುವುದಷ್ಟೇ ತಾನೆ ಎಂದು ಅನೇಕರು ಓಡಿಸುತ್ತಲೇ ಇರುತ್ತಾರೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಹಳೆಯದಾದಷ್ಟೂ ಕಡಿಮೆ ಕಾವಿಗೆ ಕುದಿಯುತ್ತದೆ. ಕುದಿದಾಗ ಹುಟ್ಟಿದ ಆವಿ ಸುಲಭವಾಗಿ ಕುಗ್ಗುವುದರಿಂದ ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲದು. ಬಿಡದೆ ಹಿಡಿದ ಬ್ರೇಕೇ ಹೀಗೆ ಹಿಡಿಯದ ಬ್ರೇಕಾಗುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕೆನ್ನುವುದು ಇದಕ್ಕಾಗಿಯೇ.

ನಂಜನಗೂಡಿನಿಂದ ಎರಡೂ ಬದಿಗೆ ಹೊಸ ಹೋಸು ತರಿಸಿ, ಹಾಕಿ, ಗಾಳಿ ತೆಗೆದು ಮುಗಿಸುವಾಗ ಸಂಜೆಯಾಗಿತ್ತು. ಹೊರಡುವ ಮುನ್ನ ಆತ ಕಾರಿನಡಿಗೆ ತಲೆ ಹಾಕಿ, ಸುತ್ತಿಕೊಂಡಿದ್ದ ಹುರುಳಿ ಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು ತೆಗೆದ. ಅದು ಎರಡು ಹಿಡಿಯಷ್ಟಿತ್ತು. ಚಕ್ರದ ಕಡೆಯ ತುದಿ ಆಗಲೇ ಕಂದಿತ್ತು.