ಪಶುಪತಿಯ ಸನ್ನಿಧಿಯಲ್ಲಿ ರುದ್ರಾಕ್ಷಿ

ಕಠ್ಮಂಡುವಿನ ಬಾಗ್ಮತಿ ದಂಡೆಯ ಪಶುಪತಿನಾಥ ಮಂದಿರ ಕನ್ನಡಿಗರಿಗೆ ಪರಸ್ಥಳವೆನಿಸದು. ಅಲ್ಲಿ ಪೂಜೆ ನಡೆಸುವ ಭಟ್ಟರು ಬಹುಮಟ್ಟಿಗೆ ಕರ್ನಾಟಕದಿಂದ ಹೋದವರು. ದರ್ಶನ ಮುಗಿಸಿ ಹೊರಬಂದರೆ ಬೀದಿಯುದ್ದಕ್ಕೂ ರುದ್ರಾಕ್ಷಿಯ ಅಂಗಡಿಗಳು. ಊರಿನ ಹಿರಿಯರಿಗೆಂದು ಒಂದು ಮಾಲೆ ಕೊಳ್ಳದೆ ಮರಳುವ ಯಾತ್ರಿಕರು ವಿರಳ. ಎಚ್ಚರ ಬೇಕಾದುದು ಇಲ್ಲಿಯೇ.

ರುದ್ರಾಕ್ಷಿಯೆಂಬುದು ನೀಲವರ್ಣದ ಹಣ್ಣಿನೊಳಗಿನ ಗಟ್ಟಿ ಬೀಜ. ಅದರ ಮೇಲೆ ತುದಿಯಿಂದ ತುದಿಗೆ ಇಳಿದ ಗೆರೆಗಳೇ ‘ಮುಖ’ಗಳು. ಪಂಚಮುಖಿ ಹೇರಳ, ಅಗ್ಗ. ಏಕಮುಖಿ ಬಲು ಅಪರೂಪ. ಆದುದರಿಂದಲೇ ಗೆರೆ ಕೊರೆದೋ, ಇದ್ದುದನ್ನು ಮುಚ್ಚಿಯೋ ಮುಖಗಳನ್ನು ಹೆಚ್ಚುಕಡಮೆ ಮಾಡುವವರುಂಟು. ನೀರಿನಲ್ಲಿ ಮುಳುಗಿದ್ದೆಲ್ಲ ಅಸಲೆಂದು ನಂಬಬೇಡಿರಿ. ಚೆನ್ನಾಗಿ ಒಣಗಿದ ಅಸಲು ಮಣಿಯೂ ತೇಲಬಹುದು, ನಕಲಿಯೂ ಮುಳುಗಬಹುದು. ಗೆರೆ ನಡುವೆ ಕಡಿಯದೆ ಸಹಜವಾಗಿ ಸಾಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿರಿ. ಬೆಲೆಬಾಳುವ ಮಣಿಯಾದರೆ ಕ್ಷ-ಕಿರಣದ ಚಿತ್ರ ತೆಗೆಸಿರಿ. ಸಾಮಾನ್ಯವಾಗಿ ಮುಖಗಳಷ್ಟೇ ಕೋಶಗಳು ಒಳಗೂ ಕಾಣುವುವು.

ಜಪಮಾಲೆಗೆ 108 ಮಣಿ, ಮೇಲೊಂದು ಮೇರು. ಎಣಿಸುವಾಗ ಮೇರುವನ್ನು ದಾಟದೆ ಮಾಲೆಯನ್ನು ಹಿಂದಿರುಗಿಸುವುದು ಕ್ರಮ. ಜಪದ ಮಾಲೆ ಬೇರೆ, ಕೊರಳಿನ ಮಾಲೆ ಬೇರೆ ಇರಬೇಕೆಂಬುದು ಸಂಪ್ರದಾಯ. ಧರಿಸುವವರು ಮಿಂದು, ಶಿವಪಂಚಾಕ್ಷರಿಯನ್ನು ಜಪಿಸಿ ಧರಿಸುವರು.

ಹಿರಿಯರ ಕೊರಳಿಗೆ ಸಾವಿರಾರು ರೂಪಾಯಿಯ ಸಂಶಯವನ್ನು ಹಾಕುವುದಕ್ಕಿಂತ ನಂಬುಗೆಯ ಪಂಚಮುಖಿಯೇ ಲೇಸು.